ಗ್ರಾಫಿಕ್ಸ್ ಕಾರ್ಡ್ ಹೊಸದು, ಆಟ ಚೆನ್ನಾಗಿ ಓಡುತ್ತಿದೆ, ಸ್ಟ್ರೀಮ್ ಮಾತ್ರ ಜರ್ಕ್ ಹೊಡೆಯುತ್ತಿದೆ. ಏನು ಮಾಡಲಿ?

ವಾಕಡ್_ವಾಸಿ:
ಎಲ್ಲರಿಗೂ ನಮಸ್ಕಾರ. ಪುಣೆಯ ವಾಕಡ್‌ನಲ್ಲಿದ್ದೇನೆ, ಊರು ಧಾರವಾಡ. ಕೆಲಸ ಮುಗಿಸಿ ಬಂದು ರಾತ್ರಿ ಒಂಬತ್ತೂವರೆಗೆ ಯೂಟ್ಯೂಬ್‌ನಲ್ಲಿ ಆಟ ಆಡುತ್ತಾ ಕನ್ನಡದಲ್ಲಿ ಮಾತಾಡುತ್ತೇನೆ. ನೋಡುವವರು ನಲವತ್ತೋ ಐವತ್ತೋ ಜನ. ಆದರೆ ದಿನಾ ಬರುವವರು. ಎರಡು ವರ್ಷದಿಂದ ತೊಂದರೆ ಇರಲಿಲ್ಲ.

ಹೋದ ವಾರ ಹಳೇ ಜಿಟಿಎಕ್ಸ್ 1060 ತೆಗೆದು ಆರ್‌ಟಿಎಕ್ಸ್ 4060 ಹಾಕಿದೆ. ಜೊತೆಗೆ ಮಾನಿಟರ್ ಕೂಡ ಬದಲಾಯಿಸಿದೆ. ಮೊದಲು 1080ಪಿ, 60 ಹರ್ಟ್ಸ್ ಇತ್ತು. ಈಗ 1440ಪಿ, 165 ಹರ್ಟ್ಸ್. ಪ್ರೊಸೆಸರ್ ಅದೇ ರೈಝನ್ 5 3600, ಮದರ್‌ಬೋರ್ಡ್ ಬಿ450, ರ‍್ಯಾಮ್ 16 ಜಿಬಿ.

ನನ್ನ ಪರದೆಯಲ್ಲಿ ಆಟ ನೀರು ಹರಿದ ಹಾಗೆ ಓಡುತ್ತಿದೆ. ಸ್ಟ್ರೀಮ್ ನೋಡುವವರಿಗೆ ಮಾತ್ರ ಜರ್ಕ್. ಫೋರ್ಜಾ ಹರೈಝನ್ 5 ಆಡಿದರೆ ನೋಡೋಕೇ ಆಗುವುದಿಲ್ಲ. ವ್ಯಾಲೊರಂಟ್‌ನಲ್ಲಿ ಅಷ್ಟು ಜಾಸ್ತಿ ಇಲ್ಲ, ಆದರೂ ಏನೋ ಸರಿ ಇಲ್ಲ. ಸ್ಟ್ರೀಮ್ ಕಳಿಸುವ ತಂತ್ರಾಂಶ ಒಬಿಎಸ್‌ನಲ್ಲಿ ಎನ್‌ವೆಂಕ್ (ಕಾರ್ಡಿನೊಳಗಿನ ವಿಡಿಯೋ ಎನ್‌ಕೋಡರ್) ಹಾಕಿದ್ದೇನೆ, ಬಿಟ್‌ರೇಟ್ 9000 ಕೆಬಿಪಿಎಸ್. ಮೂರು ರಾತ್ರಿ ನಿದ್ದೆ ಕೆಟ್ಟಿದೆ. ದುಡ್ಡು ಕೂಡಿಸಿಟ್ಟು ತಂದ ಕಾರ್ಡ್ ಇದು. ದಯವಿಟ್ಟು ಯಾರಾದರೂ ಹೇಳಿ.

ಗ್ರಾಂಟ್‌ರೋಡ್_ಗೇಮರ್:
ನೆಟ್ ಕಣೋ. ಮಳೆಗಾಲ ಶುರುವಾದ ಮೇಲೆ ನಮ್ಮ ಬಿಲ್ಡಿಂಗ್‌ನಲ್ಲೂ ಇದೇ ಕಥೆ. ಜಂಕ್ಷನ್ ಡಬ್ಬಿಗೆ ನೀರು ಹೋಗುತ್ತದೆ, ಅಪ್‌ಲೋಡ್ ಬೀಳುತ್ತದೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕು.

ವಾಕಡ್_ವಾಸಿ:
ಲ್ಯಾನ್ ಕೇಬಲ್ಲೇ ಇದೆ ಅಣ್ಣ. ಅಪ್‌ಲೋಡ್ 100 ಎಂಬಿಪಿಎಸ್ ಬರುತ್ತದೆ.

ಡೊಂಬಿವಲಿ_ಅಕ್ಕ:
ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಎಷ್ಟು ವಾಟ್? ನಮ್ಮ ಮನೆಯಲ್ಲಿ ತಮ್ಮ ಕಾರ್ಡ್ ಬದಲಾಯಿಸಿದಾಗ ಹಳೇ 450 ವಾಟ್ ಸಾಲದೆ ಆಟದ ಮಧ್ಯೆ ಪಿಸಿ ಆಫ್ ಆಗುತ್ತಿತ್ತು. ಹೊಸ ಕಾರ್ಡ್ ಅಂದರೆ ಕರೆಂಟ್ ಜಾಸ್ತಿ ಎಳೆಯುತ್ತದೆ ಅಲ್ವಾ?

ಸರ್ಕಿಟ್_ಸರ್:
ಎಲ್ಲ ಸಲ ಹಾಗಲ್ಲ ಅಕ್ಕ. 2016ರ 1060 ಕಾರ್ಡ್ 120 ವಾಟ್. 2023ರ 4060 ಕಾರ್ಡ್ 115 ವಾಟ್. ಹೊಸದೇ ಸ್ವಲ್ಪ ಕಡಿಮೆ. ನಿಮ್ಮ ತಮ್ಮ ಹಾಕಿದ್ದು ದೊಡ್ಡ ಕಾರ್ಡ್ ಇರಬೇಕು. ಪವರ್ ಸಾಲದಿದ್ದರೆ ಪಿಸಿ ಆಫ್ ಆಗುತ್ತದೆ ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ಆಟ ಚೆನ್ನಾಗಿದ್ದು ಸ್ಟ್ರೀಮ್ ಮಾತ್ರ ಕೆಡುವುದಿಲ್ಲ.

ಒಂದು ಮಾತ್ರ ನೋಡಿಕೊಳ್ಳಿ. 1060ಗೆ ಸಾಮಾನ್ಯವಾಗಿ 6 ಪಿನ್ ಪವರ್ ವೈರ್, 4060ಗೆ ಸಾಮಾನ್ಯವಾಗಿ 8 ಪಿನ್. ಎಸ್‌ಎಂಪಿಎಸ್‌ನ 6+2 ವೈರ್ ಹಾಕಿದ್ದರೆ ಸರಿ. ಅಂಗಡಿಯವರು ಕೊಟ್ಟ ಮೋಲೆಕ್ಸ್ ಕನ್ವರ್ಟರ್ (ಹಳೇ ನಾಲ್ಕು ಪಿನ್ ವೈರಿನಿಂದ ಜೋಡಿಸುವ ತುಂಡು) ಹಾಕಿದ್ದರೆ ಈಗಲೇ ತೆಗೆಯಿರಿ. ಅದು ಕರಗಿದ್ದನ್ನು ನಾನು ಕೈಯಾರೆ ಬಿಚ್ಚಿ ನೋಡಿದ್ದೇನೆ.

ವಾಕಡ್_ವಾಸಿ:
6+2 ವೈರೇ ಇದೆ ಸರ್. ಎಸ್‌ಎಂಪಿಎಸ್ 550 ವಾಟ್.

ಕರ್ವೆರೋಡ್_ಕನ್ನಡಿಗ:
ಹಳೇ ಡ್ರೈವರ್ ಪೂರ್ತಿ ತೆಗೆದಿದ್ದೀರಾ? ಎರಡೂ ಎನ್‌ವಿಡಿಯಾ ಅಂತ ಎಲ್ಲರೂ ಕಾರ್ಡ್ ಬದಲಾಯಿಸಿ ಹಾಗೇ ಬಿಡುತ್ತಾರೆ. ಹೊಸ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಇಂಟರ್ನೆಟ್ ಕೇಬಲ್ ಕೀಳಿ, ಇಲ್ಲದಿದ್ದರೆ ವಿಂಡೋಸ್ ತಾನೇ ಯಾವುದೋ ಡ್ರೈವರ್ ಎಳೆದು ಹಾಕಿಬಿಡುತ್ತದೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು (ಹಳೇ ಡ್ರೈವರ್ ಬುಡಸಮೇತ ತೆಗೆಯುವ ತಂತ್ರಾಂಶ) ಓಡಿಸಿ, ರೀಸ್ಟಾರ್ಟ್ ಮಾಡಿ, ಹೊಸದನ್ನು ಹಾಕಿ. ಶೇಕಡಾ ತೊಂಬತ್ತು ತೊಂದರೆ ಇದರಲ್ಲೇ ಹೋಗುತ್ತದೆ.

ಮಾಟುಂಗಾ_ಮಾವ:
ಶೇಕಡಾ ತೊಂಬತ್ತು ಅಂತ ಹೇಗೆ ಹೇಳುತ್ತೀರಿ? ಡಿಡಿಯು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕಾಯಿಲೆ ಏನು ಅಂತ ನೋಡೋಣ.

ಕರ್ವೆರೋಡ್_ಕನ್ನಡಿಗ:
ಮಾವ, ನಾನು ಹತ್ತು ಪಿಸಿ ಆದರೂ ಹೀಗೆ ಸರಿ ಮಾಡಿದ್ದೇನೆ. ಸುಮ್ನೆ ಹೇಳುತ್ತಿಲ್ಲ.

ವಾಕಡ್_ವಾಸಿ:
ಈಗಷ್ಟೇ ಡಿಡಿಯು ಮಾಡಿದೆ. ಒಂದೂವರೆ ಗಂಟೆ ಹೋಯಿತು. ಏನೂ ಬದಲಾಗಲಿಲ್ಲ 😔

ಪಿಂಪ್ರಿ_ಪ್ರೊಸೆಸರ್:
ಬೋರ್ಡ್ ಬಿ450 ಅಂದರೆ ಪಿಸಿಐಇ (ಬೋರ್ಡ್‌ಗೂ ಕಾರ್ಡ್‌ಗೂ ನಡುವಿನ ದಾರಿ) 3.0. 4060ಗೆ ಇರುವುದು ಎಂಟೇ ಲೇನ್, ಅದೂ 4.0 ನಂಬಿಕೊಂಡು ಮಾಡಿದ್ದು. ನಿಮ್ಮ ಬೋರ್ಡ್‌ನಲ್ಲಿ 3.0ರ ಎಂಟು ಲೇನ್ ಆಗಿಬಿಡುತ್ತದೆ. ಅರ್ಧ ದಾರಿ ಮುಚ್ಚಿದ ಹಾಗೆ. ಬೋರ್ಡ್ ಬದಲಾಯಿಸಿ.

ಸರ್ಕಿಟ್_ಸರ್:
ಲೇನ್ ಲೆಕ್ಕ ಸರಿ, ತೀರ್ಮಾನ ತಪ್ಪು. 8 ಜಿಬಿ ಮೆಮೊರಿ ಪೂರ್ತಿ ತುಂಬುವವರೆಗೆ 3.0ರಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಬಂದರೂ ಆಟದಲ್ಲೇ ಕಾಣಬೇಕು. ಅವರು ಆಟ ಚೆನ್ನಾಗಿದೆ ಅನ್ನುತ್ತಿದ್ದಾರೆ. ಒಬ್ಬ ಹುಡುಗನಿಗೆ ಇನ್ನೂ ಹತ್ತು ಸಾವಿರ ಖರ್ಚು ಮಾಡಿಸುವ ಮೊದಲು ನಾಲ್ಕು ಸಲ ಯೋಚಿಸಬೇಕು.

ಪಿಂಪ್ರಿ_ಪ್ರೊಸೆಸರ್:
ಒಪ್ಪಿದೆ. ಬೋರ್ಡ್ ಮಾತು ವಾಪಸ್.

ಮಾಟುಂಗಾ_ಮಾವ:
ವಾಕಡ್ ಅವರೇ, ಒಬಿಎಸ್‌ನಲ್ಲಿ ವ್ಯೂ ಮೆನು, ಅದರಲ್ಲಿ ಸ್ಟ್ಯಾಟ್ಸ್ ತೆರೆಯಿರಿ. ಹೊಸ ವರ್ಶನ್ ಆದರೆ ಡಾಕ್ಸ್ ಮೆನುವಿನಲ್ಲಿ ಇರುತ್ತದೆ. ಫೋರ್ಜಾ ಹತ್ತು ನಿಮಿಷ ಆಡಿ, ಸ್ಟ್ರೀಮ್ ನಿಲ್ಲಿಸುವ ಮೊದಲು ಮೂರು ಅಂಕಿ ಬರೆದುಕೊಳ್ಳಿ. ರೆಂಡರಿಂಗ್ ಲ್ಯಾಗ್‌ನಿಂದ (ಚಿತ್ರ ಜೋಡಿಸುವುದು ತಡವಾಗಿ) ತಪ್ಪಿದ ಫ್ರೇಮ್ ಎಷ್ಟು, ಎನ್‌ಕೋಡಿಂಗ್ ಲ್ಯಾಗ್‌ನಿಂದ (ಚಿತ್ರವನ್ನು ವಿಡಿಯೋ ಆಗಿ ಕುಗ್ಗಿಸುವುದು ತಡವಾಗಿ) ಬಿಟ್ಟ ಫ್ರೇಮ್ ಎಷ್ಟು, ನೆಟ್‌ವರ್ಕ್‌ನಲ್ಲಿ ಬಿದ್ದ ಫ್ರೇಮ್ ಎಷ್ಟು. ಮೂರೂ ಬೇರೆ ಬೇರೆ ಕಾಯಿಲೆ, ಮೂರಕ್ಕೂ ಬೇರೆ ಬೇರೆ ಔಷಧಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು, ಅಂದರೆ ಕಾರ್ಡ್, ಎಷ್ಟು ಶೇಕಡಾ ಓಡುತ್ತಿದೆ ಅಂತಲೂ ನೋಡಿ.

ವಾಕಡ್_ವಾಸಿ:
ನೋಡಿದೆ ಮಾವ.
ರೆಂಡರಿಂಗ್ ಲ್ಯಾಗ್: 22.4%
ಎನ್‌ಕೋಡಿಂಗ್ ಲ್ಯಾಗ್: 0
ನೆಟ್‌ವರ್ಕ್: 0
ಜಿಪಿಯು: 98, 99, ಒಮ್ಮೊಮ್ಮೆ 100

ಗ್ರಾಂಟ್‌ರೋಡ್_ಗೇಮರ್:
ನೆಟ್ ಸೊನ್ನೆನಾ! ಹಾಗಾದರೆ ನನ್ನ ಮಾತು ತಪ್ಪು.

ಮಾಟುಂಗಾ_ಮಾವ:
ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನಿಮ್ಮ ಹತ್ತಿರ 60 ಹರ್ಟ್ಸ್ ಮಾನಿಟರ್ ಇತ್ತು. ವಿ-ಸಿಂಕ್ (ಆಟದ ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಆನ್ ಇತ್ತು ಅಂತ ಕಾಣುತ್ತದೆ. ಅಂದರೆ ಹಳೇ ಕಾರ್ಡ್ ಸೆಕೆಂಡಿಗೆ 60 ಫ್ರೇಮ್ ಮಾಡಿ ಸುಮ್ಮನಾಗುತ್ತಿತ್ತು. ಅದರಲ್ಲಿ ಒಂದಿಷ್ಟು ಬಿಡುವು ಉಳಿಯುತ್ತಿತ್ತು. ಆ ಬಿಡುವಿನಲ್ಲೇ ಒಬಿಎಸ್ ತನ್ನ ಕೆಲಸ ಮುಗಿಸಿಕೊಳ್ಳುತ್ತಿತ್ತು. ಈಗ 165 ಹರ್ಟ್ಸ್ ಮಾನಿಟರ್. ವಿ-ಸಿಂಕ್ ತೆಗೆದಿರಬೇಕು. 1440ಪಿ, ಸೆಟ್ಟಿಂಗ್ ಕೂಡ ಎಕ್ಸ್‌ಟ್ರೀಮ್ ಇರಬೇಕು. ಫೋರ್ಜಾ ಎಷ್ಟೇ ಒದ್ದಾಡಿದರೂ 165 ಮುಟ್ಟುವುದಿಲ್ಲ. ಹಾಗಾಗಿ ಕಾರ್ಡ್ ಒಂದು ಕ್ಷಣವೂ ನಿಲ್ಲದೆ ಆಟಕ್ಕೇ ದುಡಿಯುತ್ತಿದೆ. ಒಬಿಎಸ್‌ಗೆ ಸರದಿಯೇ ಸಿಗುತ್ತಿಲ್ಲ.

60 ಎಫ್‌ಪಿಎಸ್ ಸ್ಟ್ರೀಮ್ ಅಂದರೆ ಪ್ರತಿ 16.6 ಮಿಲಿಸೆಕೆಂಡ್‌ಗೆ ಒಂದು ಚಿತ್ರ ಸಿದ್ಧವಾಗಬೇಕು. ನಿಮ್ಮಲ್ಲಿ ನೂರರಲ್ಲಿ ಇಪ್ಪತ್ತೆರಡು ಚಿತ್ರ ಹೊತ್ತಿಗೆ ಆಗುತ್ತಿಲ್ಲ. ನೋಡುವವರಿಗೆ ಜರ್ಕ್ ಅದೇ. ಕಾರ್ಡ್‌ನಲ್ಲಿ ಏನೂ ಕೆಟ್ಟಿಲ್ಲ, ನೆಮ್ಮದಿಯಾಗಿರಿ.

ಪಿಂಪ್ರಿ_ಪ್ರೊಸೆಸರ್:
ಇದು ನನಗೆ ಒಪ್ಪಿಗೆ ಇಲ್ಲ. ಎನ್‌ವೆಂಕ್ ಕಾರ್ಡಿನೊಳಗೆ ಬೇರೆಯದೇ ಭಾಗ. ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೇ ತಾನೇ ಎಲ್ಲರೂ ಎನ್‌ವೆಂಕ್ ಹಾಕಿ ಅನ್ನುವುದು?

ಮಾಟುಂಗಾ_ಮಾವ:
ಒಳ್ಳೆಯ ಪ್ರಶ್ನೆ. ಮದುವೆ ಮನೆ ಅಂತ ಇಟ್ಟುಕೊಳ್ಳಿ. ಎನ್‌ವೆಂಕ್ ಬಡಿಸುವವನು. ಅವನು ಬೇರೆಯೇ ಇದ್ದಾನೆ, ಖಾಲಿ ಕೂತಿದ್ದಾನೆ, ಎನ್‌ಕೋಡಿಂಗ್ ಲ್ಯಾಗ್ ಸೊನ್ನೆ ಅಂದರೆ ಅದೇ. ಆದರೆ ಒಲೆ ಮುಂದೆ ಇರುವುದು ಒಬ್ಬರೇ ಭಟ್ಟರು. ಅವರು ಪಾತ್ರೆಗೆ ತುಂಬಿ ಕೊಟ್ಟರೆ ತಾನೇ ಬಡಿಸುವುದು? ಆಟದ ಚಿತ್ರ, ನಿಮ್ಮ ಕ್ಯಾಮೆರಾ, ಚಾಟ್ ಪೆಟ್ಟಿಗೆ, ಅಲರ್ಟ್ ಎಲ್ಲ ಜೋಡಿಸಿ, 1440ಪಿ ಇಂದ 1080ಪಿ ಗೆ ಇಳಿಸಿ ಒಂದು ಫ್ರೇಮ್ ಮಾಡುವ ಕೆಲಸ ಎನ್‌ವೆಂಕ್ ಮಾಡುವುದಿಲ್ಲ. ಆಟ ಓಡಿಸುವ ಅದೇ ಭಾಗ ಮಾಡುತ್ತದೆ.

ಪಿಂಪ್ರಿ_ಪ್ರೊಸೆಸರ್:
ಓಹ್. ಇಷ್ಟು ದಿನ ಎಲ್ಲವೂ ಎನ್‌ವೆಂಕ್ ಕೆಲಸ ಅಂದುಕೊಂಡಿದ್ದೆ. ಥ್ಯಾಂಕ್ಸ್ ಮಾವ.

ಸರ್ಕಿಟ್_ಸರ್:
ಮಾವ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಎನ್‌ವೆಂಕ್ ಸೆಟ್ಟಿಂಗ್‌ನಲ್ಲಿ ಲುಕ್-ಅಹೆಡ್ ಅಂತ ಒಂದು ಟಿಕ್ ಇದೆ. ಅದು ಆನ್ ಇದ್ದರೆ ಆಟ ಓಡಿಸುವ CUDA ಕೋರ್‌ಗಳನ್ನೂ ಬಳಸುತ್ತದೆ, ಅಂದರೆ ಮತ್ತೆ ಭಟ್ಟರ ಕೈಯೇ. ತೆಗೆದುಬಿಡಿ.

ವಾಕಡ್_ವಾಸಿ:
ಹೌದು ಮಾವ, ವಿ-ಸಿಂಕ್ ಆನ್ ಇತ್ತು! ನಿಮಗೆ ಹೇಗೆ ಗೊತ್ತಾಯಿತು! ಈಗ ಏನು ಮಾಡಲಿ?

ಮಾಟುಂಗಾ_ಮಾವ:
ಒಂದೊಂದೇ ಮಾಡಿ, ಪ್ರತಿ ಸಲ ಅಂಕಿ ನೋಡಿ. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಮೊದಲು ಒಬಿಎಸ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ಹಾಗೆ ತೆರೆದರೆ ವಿಂಡೋಸ್ ಜಿಪಿಯು ಸರದಿಯಲ್ಲಿ ಒಬಿಎಸ್‌ಗೆ ಮೊದಲ ಜಾಗ ಕೊಡುತ್ತದೆ. ಆಮೇಲೆ ಫೋರ್ಜಾಗೆ ಫ್ರೇಮ್ ಮಿತಿ ಹಾಕಿ, 60.

ಗ್ರಾಂಟ್‌ರೋಡ್_ಗೇಮರ್:
165 ಹರ್ಟ್ಸ್ ಮಾನಿಟರ್ ತಂದು 60ಕ್ಕೆ ಕಟ್ಟಿ ಹಾಕುವುದಾ? ಅವನು ಅಷ್ಟು ದುಡ್ಡು ಕೊಟ್ಟಿದ್ದು ಯಾಕೆ ಮತ್ತೆ? ಸೆಟ್ಟಿಂಗ್ ಎಕ್ಸ್‌ಟ್ರೀಮ್‌ನಿಂದ ಹೈಗೆ ಇಳಿಸಲಿ, ಡಿಎಲ್‌ಎಸ್‌ಎಸ್ (ಚಿಕ್ಕದಾಗಿ ಚಿತ್ರ ಮಾಡಿ ದೊಡ್ಡದು ಮಾಡುವ ಆಯ್ಕೆ) ಕ್ವಾಲಿಟಿ ಹಾಕಲಿ. ಎಫ್‌ಪಿಎಸ್ ಏರುತ್ತದೆ, ಕಾರ್ಡಿಗೂ ಹಗುರ.

ಮಾಟುಂಗಾ_ಮಾವ:
ಇಲ್ಲೇ ಎಲ್ಲರೂ ಎಡವುವುದು. ಮಿತಿ ಹಾಕದೆ ಸೆಟ್ಟಿಂಗ್ ಇಳಿಸಿದರೆ ಕಾರ್ಡಿಗೆ ಹಗುರ ಆಗುವುದಿಲ್ಲ. 85 ಇದ್ದದ್ದು 120 ಆಗುತ್ತದೆ, ಜಿಪಿಯು ಮತ್ತೆ 99ಕ್ಕೇ ಹೋಗಿ ನಿಲ್ಲುತ್ತದೆ. ಬಿಡುವು ಬೇಕು ಅಂದರೆ ಮಿತಿ ಇರಲೇಬೇಕು. 60 ಬೇಡ ಅನ್ನಿಸಿದರೆ ನೀವು ಹೇಳಿದ ಹಾಗೆ ಸೆಟ್ಟಿಂಗ್ ಇಳಿಸಿ, ಆಮೇಲೆ ಜಿಪಿಯು 85–90 ದಾಟದ ಕಡೆ ಮಿತಿ ಹಾಕಲಿ. ಎರಡೂ ಸೇರಿದರೆ ಸರಿ. ಸ್ಟ್ರೀಮ್ ಇಲ್ಲದ ದಿನ ಮಿತಿ ತೆಗೆದು 165ರ ಸುಖ ಪಡಲಿ, ಯಾರು ಬೇಡ ಅಂದರು.

ಕರ್ವೆರೋಡ್_ಕನ್ನಡಿಗ:
ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಅಂತ ಒಂದು ಆಯ್ಕೆ ಇದೆ, ಆಫ್ ಮಾಡಿ. ಅದು ಆನ್ ಇದ್ದರೆ ಒಬಿಎಸ್ ಒದ್ದಾಡುತ್ತದೆ.

ಸರ್ಕಿಟ್_ಸರ್:
ಕೆಲವರಿಗೆ ಆಫ್ ಮಾಡಿದರೆ ಒಳ್ಳೆಯದಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಆದರೆ ಒಂದು ಗೊತ್ತಿರಲಿ. 40 ಸರಣಿ ಕಾರ್ಡಿನ ಫ್ರೇಮ್ ಜನರೇಷನ್‌ಗೆ (ನಡುನಡುವೆ ಕಾರ್ಡೇ ಹೆಚ್ಚುವರಿ ಫ್ರೇಮ್ ಸೇರಿಸುವುದು) ಅದು ಆನ್ ಇರಲೇಬೇಕು. ಆಫ್ ಮಾಡಿದರೆ ಆ ಆಯ್ಕೆಯೇ ಹೋಗುತ್ತದೆ. ಹಾಗಾಗಿ ಕೊನೆಗೆ ಮುಟ್ಟಿ.

ಡೊಂಬಿವಲಿ_ಅಕ್ಕ:
ನನ್ನದೊಂದು ಬೇರೆ ವಿಷಯ. ತಮ್ಮ ಕಾರ್ಡ್ ಬದಲಾಯಿಸಿದ ಮೇಲೆ ಸ್ಟ್ರೀಮ್‌ನಲ್ಲಿ ಆಟದ ಸದ್ದೇ ಇಲ್ಲ. ಅವನ ಮಾತು ಮಾತ್ರ ಕೇಳುತ್ತದೆ.

ವಾಕಡ್_ವಾಸಿ:
ಅಕ್ಕ, ನನಗೂ ಮೊದಲ ದಿನ ಹೀಗೇ ಆಗಿತ್ತು! ಹೊಸ ಡ್ರೈವರ್ ಬಂದಾಗ ವಿಂಡೋಸ್ ಸದ್ದನ್ನು ಮಾನಿಟರ್ ಕಡೆಗೆ ತಿರುಗಿಸಿಬಿಟ್ಟಿತ್ತು. ಕೆಳಗೆ ಸ್ಪೀಕರ್ ಗುರುತು ಒತ್ತಿ ಹೆಡ್‌ಫೋನ್ ಆರಿಸಿ. ಒಬಿಎಸ್‌ನ ಆಡಿಯೋ ಸೆಟ್ಟಿಂಗ್‌ನಲ್ಲೂ ಡೆಸ್ಕ್‌ಟಾಪ್ ಆಡಿಯೋ ಅಂತ ಇದೆ, ಅಲ್ಲೂ ಅದೇ ಹೆಡ್‌ಫೋನ್ ಹಾಕಿ.

ಡೊಂಬಿವಲಿ_ಅಕ್ಕ:
ಬಂತು ಬಂತು! ನೂರು ವರ್ಷ ಬಾಳಪ್ಪ.

ಗ್ರಾಂಟ್‌ರೋಡ್_ಗೇಮರ್:
ಕಾರ್ಡ್ ಎಲ್ಲಿ ತಂದೆ, ಪುಣೆಯ ತಾಪ್ಕೀರ್ ಗಲ್ಲಿಯಲ್ಲಾ? ಒಮ್ಮೆ ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ಬಂದು ನೋಡು. ನಾಲ್ಕು ಅಂಗಡಿ ತಿರುಗಿದರೆ ಎರಡು ಸಾವಿರ ಉಳಿಯುತ್ತದೆ.

ಕರ್ವೆರೋಡ್_ಕನ್ನಡಿಗ:
ಪುಣೆಯಿಂದ ಅಲ್ಲಿಗೆ ಹೋಗಿ ಬರುವ ಖರ್ಚಿನಲ್ಲೇ ಅದು ಮುಗಿಯಿತು. ಕೆಟ್ಟರೆ ವಾರಂಟಿಗೆ ಮತ್ತೆ ಓಡಬೇಕು. ಹತ್ತಿರದ ಅಂಗಡಿಯೇ ಒಳ್ಳೆಯದು. ಬಿಲ್ ಮತ್ತು ಸೀರಿಯಲ್ ನಂಬರ್ ಹೊಂದಿಸಿ ನೋಡಿ ತಂದರೆ ಸಾಕು.

ವಾಕಡ್_ವಾಸಿ:
ಬುಧವಾರ ಪೇಟೆಯಲ್ಲೇ ತಂದಿದ್ದು, ಬಿಲ್ ಇದೆ.

ಫಲಿತಾಂಶ ಹೇಳುತ್ತೇನೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದಕ್ಕೇ ರೆಂಡರಿಂಗ್ ಲ್ಯಾಗ್ 22ರಿಂದ 6ಕ್ಕೆ ಇಳಿಯಿತು. ಲುಕ್-ಅಹೆಡ್ ತೆಗೆದೆ, 5 ಆಯಿತು. ಫೋರ್ಜಾಗೆ 60 ಮಿತಿ ಹಾಕಿದೆ, ಸೊನ್ನೆ! ಒಂದು ಗಂಟೆ ಆಡಿದೆ, ಸೊನ್ನೆಯೇ. ಸೆಟ್ಟಿಂಗ್ ಎಕ್ಸ್‌ಟ್ರೀಮ್‌ನಲ್ಲೇ ಇದೆ, ಜಿಪಿಯು 75ರ ಹತ್ತಿರ. ಶೆಡ್ಯೂಲಿಂಗ್ ಮುಟ್ಟಲಿಲ್ಲ.

ಆದರೆ ವ್ಯಾಲೊರಂಟ್‌ನ ಆ ಸಣ್ಣ ಜರ್ಕ್ ಹಾಗೇ ಇದೆ. ಅಲ್ಲಿ ಮೂರೂ ಅಂಕಿ ಸೊನ್ನೆ, ಜಿಪಿಯು 60 ದಾಟುವುದಿಲ್ಲ. ಮಿತಿ 165 ಹಾಕಿದ್ದೇನೆ. ಅಂಕಿ ಎಲ್ಲ ಸರಿ, ಕಣ್ಣಿಗೆ ಮಾತ್ರ ಸರಿ ಕಾಣುತ್ತಿಲ್ಲ.

ಸರ್ಕಿಟ್_ಸರ್:
ಅದು ಲೆಕ್ಕದ ತೊಂದರೆ. ಆಟ ಸೆಕೆಂಡಿಗೆ 165 ಚಿತ್ರ ಮಾಡುತ್ತದೆ, ಒಬಿಎಸ್ ಅದರಲ್ಲಿ 60 ಹೆಕ್ಕುತ್ತದೆ. 165 ಭಾಗಿಸು 60 ಅಂದರೆ 2.75. ಅರ್ಧಂಬರ್ಧ ಚಿತ್ರ ತೆಗೆದುಕೊಳ್ಳೋಕೆ ಆಗುವುದಿಲ್ಲ ಅಲ್ವಾ? ಹಾಗಾಗಿ ಮೂರಕ್ಕೊಂದು, ಮೂರಕ್ಕೊಂದು, ಮೂರಕ್ಕೊಂದು, ಆಮೇಲೆ ಎರಡಕ್ಕೊಂದು. ಹೆಜ್ಜೆ ಸಮ ಇಲ್ಲ. ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದಾಗ ಅದು ಕಣ್ಣಿಗೆ ಹೊಡೆಯುತ್ತದೆ. ಮಿತಿ 120 ಹಾಕಿ. ಆಗ ಸರಿಯಾಗಿ ಎರಡಕ್ಕೊಂದು. ಮಾನಿಟರ್‌ನಲ್ಲಿ ಫ್ರೀಸಿಂಕ್ (ಆಟದ ವೇಗಕ್ಕೆ ಮಾನಿಟರ್ ಹೊಂದಿಕೊಳ್ಳುವುದು) ಇದ್ದರೆ ನಿಮಗೆ 120ರಲ್ಲಿ ತೊಂದರೆ ಆಗುವುದಿಲ್ಲ.

ಮಾಟುಂಗಾ_ಮಾವ:
ಇದು ನನಗೂ ಹೊಳೆದಿರಲಿಲ್ಲ. ಭೇಷ್.

ವಾಸ್ಕೋ_ಹುಡುಗ:
ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ, ಮೊದಲ ಸಲ. ಇಲ್ಲೇ ಕೇಳಬಹುದಾ? ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಇತ್ತು. ಉಪ್ಪು ಗಾಳಿಗೆ ಅದರ ಫ್ಯಾನ್, ಪೋರ್ಟ್ ಎಲ್ಲ ತುಕ್ಕು ಹಿಡಿದು ಹೋಯಿತು. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ತಂದೆ. ಈಗ ಒಬಿಎಸ್‌ನ ಎನ್‌ಕೋಡರ್ ಪಟ್ಟಿಯಲ್ಲಿ ಪ್ರೊಸೆಸರ್ ಮೇಲೆ ಓಡುವ ಎಕ್ಸ್264 ಒಂದೇ ಇದೆ. ಅದನ್ನು ಹಾಕಿದರೆ ಎನ್‌ಕೋಡಿಂಗ್ ಲ್ಯಾಗ್ 30% ಬರುತ್ತಿದೆ. ಡಿಡಿಯು ಎರಡು ಸಲ ಮಾಡಿದೆ. ಒಬಿಎಸ್ ತೆಗೆದು ಹಾಕಿದೆ. ಎಎಂಡಿ ಎನ್‌ಕೋಡರ್ ಬರುತ್ತಲೇ ಇಲ್ಲ.

ಸರ್ಕಿಟ್_ಸರ್:
ಬರುವುದಿಲ್ಲ ತಮ್ಮ, ಎಷ್ಟು ಸಲ ಮಾಡಿದರೂ. 6500 ಎಕ್ಸ್‌ಟಿ ಮತ್ತು 6400, ಈ ಎರಡು ಕಾರ್ಡಿನ ಚಿಪ್‌ನಲ್ಲಿ ವಿಡಿಯೋ ಎನ್‌ಕೋಡರ್ ಭಾಗವೇ ಇಲ್ಲ. ನಿನ್ನ ಹಳೇ 1050 ಟಿಐನಲ್ಲಿ ಇತ್ತು. ಕಾರ್ಡ್ ಕೆಟ್ಟಿಲ್ಲ, ಅದು ಹಾಗೇ ಮಾಡಿದ್ದು. ಕೊಳ್ಳುವಾಗ ಯಾರೂ ಹೇಳುವುದಿಲ್ಲ, ಅದೇ ಬೇಜಾರು. ಪ್ರೊಸೆಸರ್ ಯಾವುದು?

ವಾಸ್ಕೋ_ಹುಡುಗ:
ಐ5 12400. ಹೊಸ ಕಾರ್ಡ್ ಮಾರಿಬಿಡಬೇಕಾ ಸರ್? ಅಪ್ಪನ ಹತ್ತಿರ ಮತ್ತೆ ಕೇಳೋಕೆ ಆಗುವುದಿಲ್ಲ.

ಸರ್ಕಿಟ್_ಸರ್:
ಮಾರಬೇಡ. ಡಬ್ಬಿ ಮೇಲೆ 12400 ಅಂತ ಇದೆಯಾ, 12400ಎಫ್ ಅಂತ ಇದೆಯಾ? ಸರಿಯಾಗಿ ನೋಡು. ಎಫ್ ಇಲ್ಲದಿದ್ದರೆ ಪ್ರೊಸೆಸರ್ ಒಳಗೇ ಸಣ್ಣ ಗ್ರಾಫಿಕ್ಸ್ ಇದೆ, ಅದರಲ್ಲಿ ಕ್ವಿಕ್‌ಸಿಂಕ್ ಎನ್‌ಕೋಡರ್ ಇದೆ. ಕಾರ್ಡ್ ಹಾಕಿದಾಗ ಕೆಲವು ಬೋರ್ಡ್‌ಗಳು ಅದನ್ನು ಆಫ್ ಮಾಡುತ್ತವೆ. ಬಯೋಸ್‌ಗೆ ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಅಂತಲೋ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಅಂತಲೋ ಇರುತ್ತದೆ, ಎನೇಬಲ್ ಮಾಡು. ವಿಂಡೋಸ್‌ಗೆ ಬಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕು. ಮಾನಿಟರ್ ವೈರ್ ಮಾತ್ರ ಕಾರ್ಡಿನಲ್ಲೇ ಇರಲಿ, ಬೋರ್ಡಿಗೆ ಚುಚ್ಚಬೇಡ. ಬೋರ್ಡಿಗೆ ಚುಚ್ಚಿದರೆ ಒಬಿಎಸ್ ಮತ್ತು ಆಟ ಬೇರೆ ಬೇರೆ ಜಿಪಿಯು ಮೇಲೆ ಓಡಿ ಗೇಮ್ ಕ್ಯಾಪ್ಚರ್ ಕಪ್ಪಗೆ ಬರಬಹುದು.

ಹುಬ್ಬಳ್ಳಿ_ಇನ್_ಠಾಣೆ:
ನಾನು ತಲೆಬರಹ ನೋಡಿ ಮೂನ್‌ಲೈಟ್ ವಿಷಯ ಅಂದುಕೊಂಡು ಬಂದೆ ನೋಡ್ರಿ. ಪಿಸಿಯಿಂದ ಹಾಲ್‌ನ ಟಿವಿಗೆ ಆಟ ಕಳಿಸುವುದು. ಅದಕ್ಕೆ ಪಿಸಿ ಕಡೆ ಬೇಕಿದ್ದ ಎನ್‌ವಿಡಿಯಾ ಗೇಮ್‌ಸ್ಟ್ರೀಮ್ 2023ರಲ್ಲಿ ನಿಂತಿತಲ್ಲ, ಆಮೇಲೆ ನಾನು ಅದರ ಬದಲು ಸನ್‌ಶೈನ್ ಹಾಕಿಕೊಂಡೆ. ಅದರಲ್ಲೂ ಇದೇ ತೊಂದರೆ. ಮಿತಿ ಹಾಕದಿದ್ದರೆ ಟಿವಿಯಲ್ಲಿ ಜರ್ಕ್. ಇವತ್ತು ಕಾರಣ ಗೊತ್ತಾಯಿತು.

ಪಿಂಪ್ರಿ_ಪ್ರೊಸೆಸರ್:
ವಾಕಡ್ ಅವರೇ, ಹಳೇ 1060 ಮಾರುತ್ತೀರಾ? ಅಣ್ಣನ ಮಗನಿಗೆ ಬೇಕಿತ್ತು. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ವಾಕಡ್_ವಾಸಿ:
ಭಾನುವಾರ ಬನ್ನಿ. ಪಿಸಿಗೆ ಹಾಕಿ ತೋರಿಸಿಯೇ ಕೊಡುತ್ತೇನೆ.

120 ಹಾಕಿದೆ ಸರ್. ವ್ಯಾಲೊರಂಟ್ ಕೂಡ ಸರಿಯಾಯಿತು. ನಿನ್ನೆ ರಾತ್ರಿ ಮೂರು ಗಂಟೆ ಸ್ಟ್ರೀಮ್ ಮಾಡಿದೆ. ದಿನಾ ಬರುವ ಒಬ್ಬರು ಚಾಟ್‌ನಲ್ಲಿ "ಇವತ್ತು ಏನು ಮಾಡಿದ್ರಿ, ಕಣ್ಣಿಗೆ ಹಿತವಾಗಿದೆ" ಅಂತ ಬರೆದರು. ಮಾವ, ಸರ್, ಅಕ್ಕ, ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್.

ಮಾಟುಂಗಾ_ಮಾವ:
ಬಹಳ ಖುಷಿ ಆಯಿತು. ಚಾನೆಲ್ ಹೆಸರು ಮೆಸೇಜ್ ಮಾಡಿ, ನಾನೂ ಬರುತ್ತೇನೆ.

ವಾಸ್ಕೋ_ಹುಡುಗ:
ಸರ್, ಎಫ್ ಇಲ್ಲ! ಬರೀ 12400! ಬಯೋಸ್‌ನಲ್ಲಿ ಎನೇಬಲ್ ಮಾಡಿದೆ, ಡ್ರೈವರ್ ಹಾಕಿದೆ, ಪಟ್ಟಿಯಲ್ಲಿ ಕ್ವಿಕ್‌ಸಿಂಕ್ ಬಂತು. ಎನ್‌ಕೋಡಿಂಗ್ ಲ್ಯಾಗ್ ಸೊನ್ನೆ. ಬಿಟ್‌ರೇಟ್ ಎಷ್ಟು ಇಡಲಿ? ನಾನು ಟ್ವಿಚ್‌ನಲ್ಲಿ ಮಾಡುವುದು.

ಸರ್ಕಿಟ್_ಸರ್:
ಟ್ವಿಚ್ ಆದರೆ 6000 ಕೆಬಿಪಿಎಸ್, ಸಿಬಿಆರ್ (ಬಿಟ್‌ರೇಟ್ ಏರಿಳಿಯದ ಆಯ್ಕೆ), ಕೀಫ್ರೇಮ್ 2 ಸೆಕೆಂಡ್. ಗಂಟೆಗೆ ಸುಮಾರು 2.7 ಜಿಬಿ ಅಪ್‌ಲೋಡ್ ಹೋಗುತ್ತದೆ, ನಿನ್ನ ನೆಟ್ ಪ್ಲಾನ್‌ಗೆ ಮಿತಿ ಇದ್ದರೆ ಲೆಕ್ಕ ಹಾಕಿಕೋ. ಪಿಸಿಯನ್ನು ಕಿಟಕಿಯಿಂದ ದೂರ ಇಡು, ಈ ಕಾರ್ಡಿಗಾದರೂ ತುಕ್ಕು ಹಿಡಿಯದಿರಲಿ.

ವಾಸ್ಕೋ_ಹುಡುಗ:
ಈಗಲೇ ಟೇಬಲ್ ಆ ಕಡೆ ಎಳೆಯುತ್ತಿದ್ದೇನೆ ಸರ್.